ಫಲಕ ಉಳಿಯಿತು, ನೀರು ನಿಂತಿತು

ಪಂಚಕಲ್ಯಾಣ ಮಹೋತ್ಸವಕ್ಕೋ ಬೇಸಗೆಯ ರಜೆಗೋ ಮುಂಬಯಿ, ಪುಣೆಗಳಿಂದ ಬೆಳಗಾವಿ, ಬಾಗಲಕೋಟೆ ಸೀಮೆಯ ಹುಟ್ಟೂರಿಗೆ ಹೋಗಿ ಬರುವ ಜೈನ ಕುಟುಂಬಗಳಿಗೆ ಈ ನೋಟ ಹೊಸದಲ್ಲ. ಬಸದಿಯ ಬೀದಿಯ ಕೊನೆಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೊಂದು ನಿಂತಿರುತ್ತದೆ. ಕಪ್ಪು ಗ್ರಾನೈಟ್ ಫಲಕದಲ್ಲಿ ದಾನಿಗಳ ಹೆಸರು, ಅವರ ತಂದೆತಾಯಿಯರ ಸ್ಮರಣೆ, ಉದ್ಘಾಟಿಸಿದ ಗಣ್ಯರ ಬಿರುದುಗಳು ಹೊಳೆಯುತ್ತಿರುತ್ತವೆ. ಬಾಗಿಲಿಗೆ ಮಾತ್ರ ಬೀಗ. ಮೆಂಬ್ರೇನ್ ಕಟ್ಟಿಕೊಂಡು ಎಷ್ಟೋ ಕಾಲವಾಗಿದೆ. ಹೊಸದನ್ನು ಯಾರು ತರಬೇಕೆಂಬುದು ಊರಿನಲ್ಲಿ ಯಾರಿಗೂ ತಿಳಿಯದು. ಪಕ್ಕದ ಸೌರದೀಪದ ಕಂಬದಲ್ಲಿ ದೀಪವಿದೆ, ಬ್ಯಾಟರಿ ಸತ್ತಿದೆ.

ಇದನ್ನು ಊರಿನವರ ಅಸಡ್ಡೆ ಎಂದು ಹಳಿಯುವುದು ದಾನಿಗಳಿಗೆ ಸುಲಭ. ಆದರೆ ತಪ್ಪು ಮೊದಲ ದಿನವೇ ಆಗಿರುತ್ತದೆ. ಘಟಕ ಎಲ್ಲಿ ಬೇಕು, ಯಾವ ಓಣಿಗೆ ನೀರಿನ ಕೊರತೆ ಹೆಚ್ಚು, ಕೊಡಕ್ಕೆ ಎಷ್ಟು ದರ ಕೊಡಬಲ್ಲಿರಿ, ಕೆಟ್ಟರೆ ಯಾರು ನೋಡುವಿರಿ ಎಂಬ ಪ್ರಶ್ನೆಗಳನ್ನು ಊರಿನ ಮುಂದಿಟ್ಟವರಿಲ್ಲ. ಕೇಳದೆ ಕಟ್ಟಿದ ಸೊತ್ತು ಯಾರದೂ ಅಲ್ಲ. ಯಾರದೂ ಅಲ್ಲದ ಸೊತ್ತನ್ನು ಕಾಯುವವರೂ ಇಲ್ಲ.

ಇಲ್ಲೊಂದು ಇಬ್ಬಂದಿತನವಿದೆ. ಹೀಗೆ ದಾನ ಮಾಡುವ ಮಹನೀಯರೇ ಮುಂಬಯಿಯ ತಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲಿಫ್ಟ್ ದುರಸ್ತಿಯ ಒಂದೊಂದು ರೂಪಾಯಿಗೂ ಲೆಕ್ಕ ಕೇಳುತ್ತಾರೆ. ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ ಕಟ್ಟಡದ ನಿರ್ಮಾಣವೆಚ್ಚದ ಕನಿಷ್ಠ ಶೇಕಡಾ 0.25ರಷ್ಟನ್ನು ವರ್ಷವರ್ಷವೂ ಸಿಂಕಿಂಗ್ ಫಂಡಿಗೆ, ಶೇಕಡಾ 0.75ರಷ್ಟನ್ನು ದುರಸ್ತಿ ನಿಧಿಗೆ ತುಂಬಬೇಕು. ಕಟ್ಟಡ ಸವೆಯುತ್ತದೆ, ಸವೆತಕ್ಕೆ ಹಣ ಎತ್ತಿಡಬೇಕು ಎಂಬುದು ಅಲ್ಲಿ ಎಲ್ಲರೂ ಒಪ್ಪಿದ ಮಾತು. ಹುಟ್ಟೂರಿನ ಪಂಪು ಮಾತ್ರ ಸವೆಯುವುದೇ ಇಲ್ಲವೆಂಬಂತೆ ದಾನ ಮಾಡಲಾಗುತ್ತದೆ!

ನೀರು ಬೇರೆ, ವಿದ್ಯುತ್ತು ಬೇರೆ ಎಂಬ ಭ್ರಮೆಯೂ ಈ ದಾನಗಳಲ್ಲಿ ಎದ್ದು ಕಾಣುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟ ದಿನ ಕೊಳವೆಬಾವಿ ಇದ್ದೂ ಇಲ್ಲದಂತೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಪಂಚಗಂಗಾ ನದಿಗಳು ಉಕ್ಕಿದಾಗ ಸಾಂಗಲಿ, ಕೊಲ್ಲಾಪುರ, ಬೆಳಗಾವಿ ಜಿಲ್ಲೆಗಳ ಜನ ಸುತ್ತಲೂ ನೀರಿದ್ದು ಕುಡಿಯಲು ನೀರಿಲ್ಲದೆ ಕಂಗೆಟ್ಟರು. 2021ರ ಜುಲೈಯಲ್ಲಿ ಮತ್ತೆ ಪ್ರವಾಹ ಬಂತು. ಅಂಥ ಹೊತ್ತಿನಲ್ಲಿ ಪಂಪನ್ನು ಎತ್ತರಕ್ಕೆ ಸಾಗಿಸುವುದು, ಸೌರಫಲಕದಿಂದ ಒಂದು ಮೋಟರನ್ನಾದರೂ ನಡೆಸುವುದು, ಹಳೆಯ ಸೇದುವ ಬಾವಿಯನ್ನು ಬಳಕೆಗೆ ತರುವುದು ಊರಿನಲ್ಲೇ ಇರುವವರ ಕೈಯಲ್ಲಾಗಬೇಕಾದ ಕೆಲಸ. ಮೊದಲೇ ಅವರ ಕೈಗೆ ಅಧಿಕಾರವನ್ನೂ ತರಬೇತಿಯನ್ನೂ ಕೊಡದಿದ್ದರೆ ಆ ದಿನ ಯಾರೂ ಬರುವುದಿಲ್ಲ.

ಸರಕಾರವೂ ಇದೇ ಪಾಠವನ್ನು ತಡವಾಗಿ ಕಲಿಯುತ್ತಿದೆ. 2019ರಲ್ಲಿ ಘೋಷಿತವಾದ ಜಲ ಜೀವನ್ ಮಿಷನ್ನಿನ ನಿಯಮಾವಳಿಯಲ್ಲಿ ಎಲ್ಲವೂ ಇದೆ: 10ರಿಂದ 15 ಸದಸ್ಯರ ಗ್ರಾಮ ಸಮಿತಿ, ಅದರಲ್ಲಿ ಅರ್ಧದಷ್ಟು ಮಹಿಳೆಯರು, ದುರ್ಬಲ ವರ್ಗಗಳಿಗೆ ಸ್ಥಾನ, ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಜನರ ವಂತಿಗೆ. ಆದರೆ ಓಡಿದ್ದು ನಲ್ಲಿಗಳ ಎಣಿಕೆ. ಗುತ್ತಿಗೆದಾರ ಬಂದ, ರಸ್ತೆ ಅಗೆದ, ಕೊಳವೆ ಹೂತ, ಬಿಲ್ಲು ಪಡೆದ. ಸಮಿತಿ ಎಷ್ಟೋ ಊರುಗಳಲ್ಲಿ ಕಡತದೊಳಗೇ ಉಳಿಯಿತು. 2025ರ ಕೇಂದ್ರ ಬಜೆಟ್ಟು ಮಿಷನ್ನನ್ನು 2028ರವರೆಗೆ ವಿಸ್ತರಿಸುವಾಗ ಜನಭಾಗಿತ್ವದಿಂದ ನಿರ್ವಹಣೆ ಎಂಬ ಮಾತನ್ನು ಮತ್ತೆ ಎತ್ತಬೇಕಾಯಿತು.

ಜನರನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರವಿಲ್ಲ. ಈಗ ಅಹಿಲ್ಯಾನಗರವೆಂದು ಹೆಸರಾದ ಅಹಮದನಗರ ಜಿಲ್ಲೆಯ ಹಿವರೆ ಬಜಾರ್ ಮಳೆ ಕಡಿಮೆ ಬೀಳುವ ಊರು. ಪೋಪಟರಾವ್ ಪವಾರ್ 1989ರಲ್ಲಿ ಅಲ್ಲಿ ಸರಪಂಚರಾದ ಮೇಲೆ ಊರು ತನ್ನ ಮಳೆಯ ಆಯವ್ಯಯವನ್ನು ತಾನೇ ಬರೆಯತೊಡಗಿತು. ಬಿದ್ದ ಮಳೆ ಎಷ್ಟು, ಕುಡಿಯಲು ಎಷ್ಟು, ದನಕರುಗಳಿಗೆಷ್ಟು ಎಂದು ಲೆಕ್ಕ ಹಾಕಿ, ಉಳಿದದ್ದಕ್ಕೆ ತಕ್ಕ ಬೆಳೆಯನ್ನು ನಿರ್ಧರಿಸಿತು. ಬೇಸಾಯಕ್ಕೆ ಕೊಳವೆಬಾವಿಯಿಲ್ಲ, ಕಬ್ಬು ಬಾಳೆಗಳಿಲ್ಲ ಎಂಬ ಕಟ್ಟಳೆಯನ್ನು ಊರೇ ಮಾಡಿಕೊಂಡಿತು. ಪುಣೆಯ ಭಾರತೀಯ ಜೈನ ಸಂಘಟನೆ ಮಹಾರಾಷ್ಟ್ರದ ಕೆರೆಗಳ ಹೂಳೆತ್ತಲು ಯಂತ್ರಗಳನ್ನು ಒದಗಿಸಿದಾಗಲೂ ಹೂಳನ್ನು ಹೊಲಕ್ಕೆ ಸಾಗಿಸುವ ಖರ್ಚು ರೈತರದೇ ಆಗಿತ್ತು. ಪಾಲು ಕೊಟ್ಟವನಿಗೆ ಕೆರೆ ತನ್ನದೆನ್ನಿಸುತ್ತದೆ.

ಈ ಮಾತು ಹಲವರಿಗೆ ಹಿತವಾಗದು. ಅಥಣಿ, ಚಿಕ್ಕೋಡಿಗಳ ಕಬ್ಬಿನ ತೋಟಗಳಲ್ಲಿ ಜೈನ ಮನೆತನಗಳವೂ ಇವೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ. ಆಳಕ್ಕಿಳಿದಷ್ಟೂ ನೀರು ಎತ್ತಬಹುದು. ಅಣ್ಣನ ತೋಟದ ಕೊಳವೆಬಾವಿ ಊರಿನ ಅಂತರ್ಜಲವನ್ನು ಹೀರುತ್ತಿರುವಾಗ ಪುಣೆಯ ತಮ್ಮನು ಊರಿಗೆ ನೀರಿನ ಘಟಕ ದಾನ ಮಾಡಿದರೆ ಅದನ್ನು ಪುಣ್ಯವೆನ್ನಬೇಕೆ, ಪ್ರಾಯಶ್ಚಿತ್ತವೆನ್ನಬೇಕೆ?

ಟ್ರಸ್ಟುಗಳ ನೆಪವೂ ಒಂದಿದೆ: "ಆದಾಯ ತೆರಿಗೆ ಕಾನೂನಿನಂತೆ ಹಣವನ್ನು ವರ್ಷದೊಳಗೇ ಖರ್ಚು ಮಾಡಬೇಕು, ನಿರ್ವಹಣೆಗೆ ಕೂಡಿಡಲಾಗದು." ಇದು ಅರ್ಧಸತ್ಯ. ಕಾನೂನು ಕೇಳುವುದು ಆದಾಯದ ಶೇಕಡಾ 85ರ ವಿನಿಯೋಗವನ್ನು. ಉಳಿದ 15ನ್ನು ಇಟ್ಟುಕೊಳ್ಳಬಹುದು. ಅದಕ್ಕೂ ಹೆಚ್ಚು ಬೇಕಿದ್ದರೆ ಉದ್ದೇಶವನ್ನು ಲಿಖಿತವಾಗಿ ತಿಳಿಸಿ 5 ವರ್ಷಗಳವರೆಗೆ ಕೂಡಿಡಲು ಅವಕಾಶವಿದೆ. ಮೂಲನಿಧಿಗೆಂದೇ ದೇಣಿಗೆ ಪಡೆದು, ಕಾನೂನು ಹೇಳಿದ ರೀತಿಯಲ್ಲಿ ಹೂಡಿ, ಬಡ್ಡಿಯಿಂದ ದುರಸ್ತಿ ನಡೆಸಲೂಬಹುದು. ಇಲ್ಲದಿರುವುದು ಇಚ್ಛೆ, ಕಾನೂನಲ್ಲ.

"ಊರಿನವರ ಕೈಗೆ ಹಣ ಕೊಟ್ಟರೆ ತಿಂದುಬಿಡುತ್ತಾರೆ" ಎಂಬ ಇನ್ನೊಂದು ಆಕ್ಷೇಪವಿದೆ. ತಿನ್ನದಂತೆ ನೋಡಿಕೊಳ್ಳುವುದಕ್ಕೇ ಜಂಟಿ ಸಹಿಯ ಬ್ಯಾಂಕ್ ಖಾತೆ, ಗ್ರಾಮಸಭೆಯಲ್ಲಿ ಓದುವ ಲೆಕ್ಕ, ಬಸದಿಯ ಬಾಗಿಲಲ್ಲೂ ಪಂಚಾಯತಿಯ ಗೋಡೆಯಲ್ಲೂ ತಿಂಗಳು ತಿಂಗಳು ಅಂಟಿಸುವ ಜಮಾಖರ್ಚು ಇರುವುದು. ಆ ಸಮಿತಿ ಬಸದಿಯ ಟ್ರಸ್ಟಿಗಳ ಕೂಟವಾಗಿಬಿಡಬಾರದು. ನೀರು ಹೊರುವ ಹೆಣ್ಣುಮಕ್ಕಳಿಗೂ ದಲಿತ ಕೇರಿಯವರಿಗೂ ಅದರಲ್ಲಿ ಸಹಿಯ ಅಧಿಕಾರ ಇರಬೇಕು. ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಎಡೆಯಿತ್ತೆಂದು ಅಭಿಮಾನದಿಂದ ಹೇಳುವ ಸಮಾಜಕ್ಕೆ ಊರಿನ ಸಭೆಯಲ್ಲಿ ನೆರೆಯವರೊಡನೆ ಕೂರುವುದು ಕಷ್ಟವಾಗಬಾರದು.

ಜೈನರಿಗೆ ಇದು ಹೊಸ ಬೋಧನೆಯೂ ಅಲ್ಲ. ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂದ ಬಾವಿಗೇ ಮರಳಿ ಬಿಡಬೇಕೆಂಬ ಆಚಾರ ಅಜ್ಜಿಯರ ಕಾಲದಲ್ಲಿ ಮನೆಮನೆಯಲ್ಲಿತ್ತು. ನೀರು ಪಡೆದ ಮಾತ್ರಕ್ಕೆ ಜಲಮೂಲದ ಋಣ ತೀರದು ಎಂಬುದು ಅದರ ತಿರುಳು. ಅಗತ್ಯವಿಲ್ಲದೆ ನೀರು ಚೆಲ್ಲುವುದನ್ನು ಅನರ್ಥದಂಡವೆಂದು ಎಣಿಸಿದ ಧರ್ಮದಲ್ಲಿ, ಲಕ್ಷಾಂತರ ರೂಪಾಯಿಯ ಯಂತ್ರ ತುಕ್ಕು ಹಿಡಿಯುವುದನ್ನು ಏನೆಂದು ಎಣಿಸಬೇಕು?

ಮುಂದಿನ ದಶಲಕ್ಷಣ ಪರ್ವದಲ್ಲಿ ಹುಟ್ಟೂರಿನ ನೀರಿಗೆ, ಬೆಳಕಿಗೆ ದೇಣಿಗೆ ಘೋಷಣೆಯಾಗುವಾಗ ಪ್ರತಿಯೊಬ್ಬ ದಾನಿಯೂ ಎದ್ದುನಿಂತು ಒಂದು ಪ್ರಶ್ನೆ ಕೇಳಲಿ: ಮೂರನೆಯ ವರ್ಷ ಮೋಟರು ಸುಟ್ಟರೆ ಹಣ ಯಾವ ಖಾತೆಯಿಂದ, ಊರಿನ ಯಾರ ಸಹಿಯಿಂದ ಬರುತ್ತದೆ? ಉತ್ತರ ಸಿಗುವವರೆಗೆ ಚೆಕ್ಕಿಗೆ ಸಹಿ ಬೀಳದಿರಲಿ.