ಯೆಹೂದಿ ಮನೆತನಗಳ ಹಬ್ಬದ ಪ್ರವಾಸ

ರಜೆಯ ದಿನಗಳು ಸಮೀಪಿಸಿದೊಡನೆ ಗೃಹಸ್ಥ ಬಂಧುಗಳಿಂದ ನಮಗೆ ತಪ್ಪದೆ ಬರುವ ಪ್ರಶ್ನೆಯೊಂದುಂಟು. ಮಕ್ಕಳನ್ನು ಕರೆದುಕೊಂಡು ಊರೂರು ಸಂಚರಿಸುವಾಗ ನಿತ್ಯದ ಇಷ್ಟಲಿಂಗ ಪೂಜೆ, ಆಹಾರದ ಶುದ್ಧಿ, ಹೊತ್ತಿನ ಕಟ್ಟುಪಾಡು ಇವುಗಳನ್ನು ಪಾಲಿಸುವ ಬಗೆ ಹೇಗೆ ಎಂಬುದೇ ಆ ಪ್ರಶ್ನೆ. ಇದರ ಬೆನ್ನಿಗೆ ಹೇಳದೆ ಉಳಿದ ಮಾತೊಂದು ಇರುತ್ತದೆ. ನೇಮವೆಂಬುದು ಮನೆಯ ಹೊಸ್ತಿಲೊಳಗಿನ ವಸ್ತು, ಪ್ರವಾಸವೆಂಬುದು ಅದರಿಂದ ಪಡೆಯುವ ಬಿಡುವು ಎಂಬ ಭಾವನೆಯೇ ಆ ಮಾತು. ಲಿಂಗವನ್ನು ಅಂಗದ ಮೇಲೆ ಧರಿಸಿಯೇ ನಡೆಯಬೇಕಾದವರಲ್ಲಿ ಈ ಭಾವನೆ ಬೇರೂರಿರುವುದು ವಿಚಿತ್ರವೇ ಸರಿ. ಅದಿರಲಿ. ಈ ಸಂಚಿಕೆಯಲ್ಲಿ ನಮ್ಮ ಮನೆಯ ಮಾತನ್ನು ಬದಿಗಿರಿಸಿ, ನಮಗಿಂತ ಎಷ್ಟೋ ಪಾಲು ಬಿಗಿಯಾದ ವಿಧಿಗಳನ್ನು ಹೊತ್ತುಕೊಂಡೇ ಹೆಂಡಿರು ಮಕ್ಕಳೊಡನೆ ಹೊರಡುವ ಯೆಹೂದಿ ಸಮಾಜದ ವಿಚಾರವನ್ನು ಬರೆಯಬೇಕೆಂದು ಮನಸ್ಸಾಗಿದೆ.

ಯೆಹೂದಿಗಳ ವಾರದ ರಜೆ ಶನಿವಾರ, ಅಂದರೆ ಸಬ್ಬತ್ ದಿನ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರಗಳು ಕಾಣುವವರೆಗೆ ಅದರ ಅವಧಿ. ಆ ಅವಧಿಯಲ್ಲಿ ಆಚಾರವಂತರು ಬೆಂಕಿ ಹೊತ್ತಿಸುವುದಿಲ್ಲ, ವಾಹನ ಏರುವುದಿಲ್ಲ, ಹಣವನ್ನು ಮುಟ್ಟುವುದಿಲ್ಲ. ಊರಿನ ಎಲ್ಲೆಯಿಂದ ಆಚೆಗೆ 2000 ಮೊಳಕ್ಕಿಂತ, ಎಂದರೆ ಸರಿಸುಮಾರು ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ನಡೆಯುವಂತಿಲ್ಲ. ಮನೆಯ ವಸ್ತುವನ್ನು ಬೀದಿಯಲ್ಲಿ ಹೊತ್ತೊಯ್ಯುವುದಕ್ಕೂ ನಿರ್ಬಂಧವುಂಟು. ಬುತ್ತಿ ಕಟ್ಟಿಕೊಂಡು ಹೊರಡುವ ಮಾತು ಇನ್ನೆಲ್ಲಿಯದು! ಆದ್ದರಿಂದ ವಾರದ ರಜೆ ಇದ್ದರೂ ಅದು ಪ್ರವಾಸದ ರಜೆಯಲ್ಲ. ಆ ದಿನ ಮನೆಯ ಊಟ, ಪ್ರಾರ್ಥನಾ ಮಂದಿರ, ನೆಂಟರಿಷ್ಟರ ಮಾತುಕತೆ, ಸಂಜೆಯ ಕಾಲ್ನಡಿಗೆ ಇಷ್ಟೇ.

ಹಾಗಾದರೆ ಈ ಜನ ಪ್ರವಾಸ ಹೋಗುವುದು ಎಂದು? ಅದಕ್ಕೂ ಅವರ ಪಂಚಾಂಗವೇ ದಿನಗಳನ್ನು ಕಾದಿರಿಸಿದೆ. ಪಸ್ಕ ಹಬ್ಬ ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಬರುತ್ತದೆ. ಪರ್ಣಶಾಲೆಗಳ ಹಬ್ಬವಾದ ಸುಕ್ಕೋತ್ ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ. ಎರಡೂ ಹುಣ್ಣಿಮೆಗೆ ಆರಂಭವಾಗುವ, ವಾರಗಟ್ಟಲೆ ನಡೆಯುವ ಹಬ್ಬಗಳು. ಮೊದಲ ದಿನವೂ ಕಡೆಯ ದಿನವೂ ಸಬ್ಬತ್ತಿನಷ್ಟೇ ಬಿಗಿಯಲ್ಲದಿದ್ದರೂ ಕೆಲಸ ನಿಷಿದ್ಧವಾದ ದಿನಗಳು. ನಡುವೆ ಉಳಿದ ದಿನಗಳಿಗೆ ಅವರಲ್ಲಿ ‘ಹೋಲ್ ಹಮೋಎದ್’ ಎಂದು ಹೆಸರು. ಹಬ್ಬದೊಳಗಣ ಸಾಮಾನ್ಯ ದಿನ ಎಂದು ಅದರ ತಾತ್ಪರ್ಯ. ಈ ನಡುದಿನಗಳಲ್ಲಿ ವಾಹನ ಏರಬಹುದು, ಅಡಿಗೆ ಮಾಡಬಹುದು, ಕೊಡುಕೊಳ್ಳುವಿಕೆಗೂ ಅವಕಾಶವುಂಟು. ಆದರೆ ತೀರ ಅನಿವಾರ್ಯವಲ್ಲದ ದುಡಿಮೆ ಕೂಡದು. ಹಬ್ಬದ ಸಂತೋಷವನ್ನು ಮನೆಯವರಿಗೆಲ್ಲ ಉಂಟುಮಾಡುವುದು ಗೃಹಸ್ಥನ ಕರ್ತವ್ಯ. ದುಡಿಮೆಗೆ ತಡೆ, ಸಂತೋಷಕ್ಕೆ ವಿಧಿ. ಈ ಎರಡರ ನಡುವೆ ಹುಟ್ಟಿಕೊಂಡದ್ದೇ ಯೆಹೂದಿ ಕುಟುಂಬದ ಪ್ರವಾಸ.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಪಸ್ಕ, ವಾರಗಳ ಹಬ್ಬ, ಪರ್ಣಶಾಲೆಗಳ ಹಬ್ಬ ಈ ಮೂರಕ್ಕೂ ಹೀಬ್ರೂ ಭಾಷೆಯಲ್ಲಿ ‘ರೆಗೆಲ್’ ಎನ್ನುತ್ತಾರೆ. ಆ ಶಬ್ದದ ಮೂಲಾರ್ಥ ಕಾಲು, ಪಾದ. ಯೆರೂಸಲೇಮಿನಲ್ಲಿ ದೇವಾಲಯ ನಿಂತಿದ್ದ ಕಾಲದಲ್ಲಿ ಈ ಮೂರು ಹಬ್ಬಗಳಿಗೆ ಜನ ನಡೆದುಕೊಂಡೇ ಅಲ್ಲಿಗೆ ಏರಿಹೋಗುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ನಾಶಗೊಳಿಸಿದರು. ದೇವಾಲಯ ಹೋಯಿತು, ನಡಿಗೆಯ ಹೆಸರು ಉಳಿಯಿತು. ಕನ್ನಡ ಬೈಬಲ್ಲಿನ ಅನುವಾದಕರು ಈ ಹಬ್ಬಗಳಿಗೆ ‘ಜಾತ್ರೆ’ ಎಂಬ ನಮ್ಮ ಶಬ್ದವನ್ನೇ ಬಳಸಿದ್ದಾರೆ. ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆಂದು ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮವರಿಗೆ ಆ ಶಬ್ದದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಇಂದು ಇಸ್ರೇಲ್ ದೇಶದಲ್ಲಿ ಹಬ್ಬದ ನಡುದಿನಗಳಲ್ಲಿ ಶಾಲೆಗಳಿಗೆ ರಜೆ. ಗಲಿಲಾಯದ ತೊರೆಗಳು, ಮೃತ ಸಮುದ್ರದ ಮಗ್ಗುಲಿನ ಏನ್‌ಗೆದಿಯ ಝರಿಗಳು, ಮಸಾದಾ ಕೋಟೆ ಇಲ್ಲೆಲ್ಲ ಮಕ್ಕಳು ಮರಿಗಳ ಸಂದಣಿ. ಏನ್‌ಗೆದಿ ಎಂದರೆ ಸೌಲ ರಾಜನಿಗೆ ಅಂಜಿ ದಾವೀದನು ಅಡಗಿದ್ದ ತಾಣ. ನೀರಿನಲ್ಲಿ ಆಡುವ ಮಗುವಿಗೆ ತಂದೆ ಆ ಕಥೆಯನ್ನು ಹೇಳಿಯೇ ತೀರುತ್ತಾನೆ. ಯೆರೂಸಲೇಮಿನ ಮೃಗಾಲಯವಂತೂ ಈ ಬಗೆಯ ಶಿಕ್ಷಣಕ್ಕಾಗಿಯೇ ಹುಟ್ಟಿದ್ದು. ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಅಹರೋನ್ ಶುಲೋವ್ 1940ರಲ್ಲಿ ಅದನ್ನು ಬಹು ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. ಬೈಬಲ್ಲಿನಲ್ಲಿ ಹೆಸರಿಸಿದ ಪ್ರಾಣಿಗಳನ್ನು ಕೂಡಿಸಿ, ಆಯಾ ಪ್ರಾಣಿಯ ಮುಂದೆ ಆಯಾ ವಾಕ್ಯವನ್ನು ಬರೆಯಿಸಬೇಕೆಂಬುದು ಅವರ ಸಂಕಲ್ಪ. 1993ರಲ್ಲಿ ಅದು ಮಾಲ್ಹಾ ಎಂಬಲ್ಲಿನ ಈಗಿನ ವಿಶಾಲ ಸ್ಥಳಕ್ಕೆ ಬಂದಿತು. ಶಾಸ್ತ್ರವನ್ನು ಪಾಠಶಾಲೆಯಲ್ಲಿ ಒಪ್ಪಿಸುವ ಹುಡುಗ ಅಲ್ಲಿ ಅದೇ ವಾಕ್ಯವನ್ನು ಜೀವಂತ ಜಿಂಕೆಯ ಎದುರು ಓದುತ್ತಾನೆ. ನಮ್ಮ ಶರಣರ ವಚನಗಳಲ್ಲಿ ಬರುವ ಗಿಡ, ಮರ, ಹಕ್ಕಿ, ಕಸುಬಿನ ಉಪಕರಣಗಳನ್ನು ಹೀಗೆ ಒಂದೆಡೆ ಮಕ್ಕಳಿಗೆ ತೋರಿಸುವ ಸ್ಥಳ ಎಲ್ಲಿದೆ ಎಂದು ನಮ್ಮವರು ಕೇಳಿಕೊಳ್ಳಬಹುದು.

ಪ್ರವಾಸದಲ್ಲಿಯೂ ಹಬ್ಬದ ವಿಧಿ ಬಿಡುವುದಿಲ್ಲ. ಪಸ್ಕದ ದಿನಗಳಲ್ಲಿ ಹುದುಗು ಬಂದ ಹಿಟ್ಟಿನ ಯಾವ ಪದಾರ್ಥವೂ ಕೂಡದು. ಹಿಟ್ಟಿಗೆ ನೀರು ಬಿದ್ದ 18 ನಿಮಿಷಗಳೊಳಗೆ ಬೆಂದು ಮುಗಿಯಬೇಕಾದ ‘ಮತ್ಸಾ’ ಎಂಬ ತೆಳ್ಳನೆಯ ಒಣರೊಟ್ಟಿಯೇ ಬುತ್ತಿ. ಚೀಲದಲ್ಲಿ ಅದು ಪುಡಿಪುಡಿಯಾಗುವುದು ಎಲ್ಲ ತಾಯಂದಿರ ದೂರು. ಸುಕ್ಕೋತಿನಲ್ಲಿ ಊಟವನ್ನು ಎಲೆಮರೆಯ ಚಪ್ಪರದ ಕೆಳಗೇ ಮಾಡಬೇಕು. ಆದ್ದರಿಂದ ಉದ್ಯಾನಗಳಲ್ಲಿ, ಉಪಾಹಾರಗೃಹಗಳ ಅಂಗಳದಲ್ಲಿ ಚಪ್ಪರ ಹಾಕಿರುತ್ತಾರೆ. ಕೆಲವರು ಮಡಚುವ ಚಪ್ಪರವನ್ನೇ ವಾಹನದಲ್ಲಿ ಒಯ್ಯುತ್ತಾರೆ. ಮಾಂಸವನ್ನೂ ಹಾಲನ್ನೂ ಕೂಡಿಸಿ ಉಣ್ಣಬಾರದೆಂಬ ನಿಯಮ ಬೇರೆ. ಮಾಂಸದ ಊಟವಾದ ಮೇಲೆ ಕೆಲವು ಮನೆತನಗಳಲ್ಲಿ ಆರು ಗಂಟೆಗಳವರೆಗೂ ಹಾಲಿನ ಪದಾರ್ಥವಿಲ್ಲ. ಮಧ್ಯಾಹ್ನ ಉಂಡ ಮಗು ಐಸ್‌ಕ್ರೀಮ್ ಗಾಡಿಯ ಮುಂದೆ ನಿಂತು ಗಂಟೆ ಎಣಿಸಬೇಕು! ಇವೆಲ್ಲದರ ಭಾರ ಬೀಳುವುದು ಮನೆಯ ಹೆಣ್ಣುಮಕ್ಕಳ ಮೇಲೆ. ಗಂಡಸರಿಗೆ ನಡುದಿನಗಳ ಬಿಡುವು ಸಿಕ್ಕಷ್ಟು ಅವರಿಗೆ ಸಿಗುವುದಿಲ್ಲವೆಂಬುದನ್ನು ಮರೆಮಾಚಬೇಕಾದ ಕಾರಣವಿಲ್ಲ.

ಎಲ್ಲ ಯೆಹೂದಿಗಳೂ ಹೀಗೆಯೇ ನಡೆಯುತ್ತಾರೆಂದು ಓದುಗರು ತಿಳಿಯಬಾರದು. ಇಸ್ರೇಲಿನಲ್ಲಿ ಶನಿವಾರದಂದು ಬಹುತೇಕ ಊರುಗಳಲ್ಲಿ ಸಾರ್ವಜನಿಕ ಬಸ್ಸುಗಳು ನಿಲ್ಲುತ್ತವೆ. ಆದರೂ ಆಚಾರವನ್ನು ಬಿಟ್ಟ ಕುಟುಂಬಗಳು ಅದೇ ಶನಿವಾರ ಸ್ವಂತ ಕಾರಿನಲ್ಲಿ ಸಮುದ್ರತೀರಕ್ಕೆ ಹೋಗುತ್ತವೆ. ಅಣ್ಣ ಒಂದು ದಿನ, ತಮ್ಮ ಇನ್ನೊಂದು ದಿನ ಎಂಬಂತೆ ಒಂದೇ ಮನೆತನದಲ್ಲಿಯೂ ಪ್ರವಾಸದ ದಿನ ಬೇರೆಯಾಗುತ್ತದೆ. ಇಬ್ಬರೂ ಒಂದೇ ತೊರೆಯ ದಂಡೆಯಲ್ಲಿ ಕೂಡುವ ಅವಕಾಶ ಹಬ್ಬದ ನಡುದಿನಗಳಲ್ಲಿಯೇ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ನಡೆದದ್ದು ಸುಕ್ಕೋತಿನ ಬೆನ್ನಿಗೆ ಬರುವ ಕಡೆಯ ಹಬ್ಬದ ದಿನ; ಅಂದು ಸತ್ತವರಲ್ಲಿ ಬಯಲಿನ ಸಂಗೀತೋತ್ಸವಕ್ಕೆಂದು ಹೋಗಿದ್ದ ತರುಣರು ಬಹಳ. ಅನಂತರದ ಯುದ್ಧದಲ್ಲಿ ಗಾಜಾ ಪ್ರದೇಶದಲ್ಲಿ ಹತ್ತಾರು ಸಾವಿರ ಜನ ಮಕ್ಕಳುಮರಿಗಳೊಡನೆ ಹತರಾದರು. ಉತ್ತರದ ಗಡಿಯ ಊರುಗಳು ತೆರವಾಗಿ, 2024ರ ಪಸ್ಕಕ್ಕೆ ಆ ಭಾಗದ ತೊರೆಗಳತ್ತ ಕುಟುಂಬಗಳು ಸುಳಿಯುವಂತಿರಲಿಲ್ಲ. ಮಕ್ಕಳ ವಿಹಾರಕ್ಕೆ ಮೊದಲು ಬೇಕಾದದ್ದು ಶಾಂತಿ. ಆ ಶಾಂತಿ ಎರಡು ಕಡೆಯ ಮಕ್ಕಳಿಗೂ ಬೇಕು.

ಇಷ್ಟು ದೂರದ ಮಾತು ಸಾಕು. ನಮ್ಮ ನೆರೆಯ ಮಹಾರಾಷ್ಟ್ರದ ಕೊಂಕಣ ತೀರದಲ್ಲಿಯೇ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮಾಜವೊಂದು ಶತಮಾನಗಳಿಂದ ನೆಲೆಸಿದೆ. ಅಲಿಬಾಗ್ ಸಮೀಪದ ನವಗಾಂವ್ ಬಳಿ ಹಡಗೊಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ಅವರೇ ತಮ್ಮ ಮೂಲಪುರುಷರು ಎಂದು ಅವರ ಪರಂಪರೆ ಹೇಳುತ್ತದೆ. ಎಣ್ಣೆಯ ಗಾಣ ಅವರ ಕಾಯಕವಾಯಿತು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’, ಶನಿವಾರದ ಗಾಣಿಗರು, ಎಂದು ಕರೆದರು. ಗ್ರಂಥ ಹೋಗಿತ್ತು, ಗುರುಗಳಿರಲಿಲ್ಲ, ಹೀಬ್ರೂ ಭಾಷೆಯೂ ಮರೆತಿತ್ತು. ಉಳಿದದ್ದು ಸಬ್ಬತ್, ಗಂಡುಮಕ್ಕಳ ಸುನ್ನತಿ, ಒಂದು ಪ್ರಾರ್ಥನೆಯ ಮೊದಲ ಮಾತು, ಮತ್ತು ಯಾವ ಮೀನು ವರ್ಜ್ಯ, ಯಾವುದು ಗ್ರಾಹ್ಯ ಎಂಬ ಅಡಿಗೆಮನೆಯ ತಿಳಿವಳಿಕೆ. ಹೊರಗಿನಿಂದ ಬಂದ ದಾವೀದ್ ರಾಹಬಿ ಎಂಬಾತ ರೆಕ್ಕೆಯೂ ಹುರುಪೆಯೂ ಉಳ್ಳ ಮೀನುಗಳನ್ನು ಮಾತ್ರ ಆ ಮನೆಯ ಹೆಂಗಸರು ಆರಿಸಿದ್ದನ್ನು ಕಂಡು ಇವರು ಯೆಹೂದಿಗಳೇ ಎಂದು ನಿಶ್ಚಯಿಸಿದನಂತೆ. ಶಾಕಾಹಾರಿಗಳಾದ ನಮಗೆ ಮೀನಿನ ಮಾತು ಹಿತವಾಗಲಿಕ್ಕಿಲ್ಲ. ಆದರೆ ಒಂದು ಸಮಾಜದ ಗುರುತನ್ನು ಗ್ರಂಥವಿಲ್ಲದ ಕಾಲದಲ್ಲಿ ಒಲೆಯ ಮುಂದಿನ ತಾಯಂದಿರು ಕಾಯ್ದರೆಂಬುದನ್ನು ಗಮನಿಸಬೇಕು. ಇಂದಿಗೂ ಅವರು ಮಾಂಸದ ಅಡಿಗೆಗೆ ಹಾಲು ಮೊಸರಿನ ಬದಲು ತೆಂಗಿನ ಹಾಲನ್ನೇ ಬಳಸುತ್ತಾರೆ.

ಈ ಸಮಾಜಕ್ಕೆ ಕರ್ನಾಟಕದ ನಂಟೂ ಉಂಟು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸಾಮುವೇಲ್ ಎಝೆಕಿಯೇಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ, ಬದುಕಿ ಹಿಂದಿರುಗಿದರೆ ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತನೆಂದು ಅವರಲ್ಲಿ ಪ್ರತೀತಿ. ಮುಂಬಯಿಯ ಮೊದಲ ಯೆಹೂದಿ ಮಂದಿರವನ್ನು ಆತ 1796ರಲ್ಲಿ ಕಟ್ಟಿಸಿದನು.

ದಿವೇಕರ್ ಎಂದರೆ ದಿವೆ ಊರಿನವನು. ಪೆಣ್ ಊರಿನವರು ಪೆಣಕರ್, ರೋಹೆಯವರು ರೋಹೆಕರ್, ಕಿಹೀಮಿನವರು ಕೆಹಿಮ್ಕರ್. ನಮ್ಮ ಉತ್ತರ ಕರ್ನಾಟಕದಂತೆ ಊರೇ ಅಡ್ಡಹೆಸರು. ಮುಂಬಯಿ, ಠಾಣೆಗಳಲ್ಲಿ ನೆಲೆಸಿದ ಕುಟುಂಬ ರಜೆಗೆ ಕೊಂಕಣಕ್ಕೆ ಬಂದಾಗ ಮಗು ತನ್ನ ಹೆಸರಿನ ಕೊನೆಯ ತುಂಡನ್ನು ರಸ್ತೆಯ ಬದಿಯ ಊರಿನ ಫಲಕದ ಮೇಲೆ ಓದುತ್ತದೆ.

ಆ ಸಮಾಜದ ಅತ್ಯಂತ ಪ್ರಿಯವಾದ ದಿನದ ಪ್ರವಾಸ ಖಂಡಾಳೆಯ ಬಂಡೆಗೆ. ಇದು ಲೋಣಾವಳೆಯ ಬಳಿಯ ಪ್ರಸಿದ್ಧ ಗಿರಿಧಾಮವಲ್ಲ, ಅಲಿಬಾಗ್ ಸಮೀಪದ ಒಂದು ಹಳ್ಳಿ. ಮುಂಬಯಿಯ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಗೆ ಮಾಂಡವಾ ತಲುಪಿ, ಅಲ್ಲಿಂದ ಅಲಿಬಾಗಿಗೆ ಸುಮಾರು 20 ಕಿ.ಮೀ. ರಸ್ತೆಯಲ್ಲಿ ಹೋಗಬೇಕು. ಪ್ರವಾದಿ ಏಲಿಯನು ಅಗ್ನಿರಥವೇರಿ ಆಕಾಶಕ್ಕೆ ಹೋದದ್ದು ಅಲ್ಲಿಯ ಬಂಡೆಯ ಮೇಲಿನಿಂದ, ರಥದ ಗುರುತು ಕಲ್ಲಿನಲ್ಲಿ ಮೂಡಿದೆ ಎಂದು ಬೆನೆ ಇಸ್ರೇಲರ ನಂಬಿಕೆ. ಶೆವಾತ್ ಮಾಸದ ಹದಿನೈದನೆಯ ದಿನ, ಅಂದರೆ ಯೆಹೂದಿ ಪಂಚಾಂಗದ ವೃಕ್ಷಗಳ ಹೊಸವರ್ಷದ ದಿನ, ಅದಕ್ಕೆ ವಿಶೇಷ. ಅದು ಕೆಲವು ವರ್ಷ ನಮ್ಮ ಬನದ ಹುಣ್ಣಿಮೆಗೂ ಕೆಲವು ವರ್ಷ ಭಾರತ ಹುಣ್ಣಿಮೆಗೂ ಹೊಂದಿ ಬರುತ್ತದೆ. 2024ರಲ್ಲಿ ಜನವರಿ 25ರಂದು ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ತೇರು. ಅದೇ ದಿನ ಅವರಿಗೆ ಮರಗಳ ಹಬ್ಬ.

ಅಂದಿನ ನೈವೇದ್ಯಕ್ಕೆ ‘ಮಲೀದಾ’ ಎಂದು ಹೆಸರು. ನಮ್ಮ ಸೀಮೆಯಲ್ಲಿ ಮೊಹರಮ್ಮಿಗೆ ಗೋದಿಯ ರೊಟ್ಟಿಯನ್ನು ಬೆಲ್ಲದೊಡನೆ ಕುಟ್ಟಿ ಮಾಡುವ ಮಲೀದೆಯ ಹೆಸರೇ ಇದು, ವಸ್ತು ಬೇರೆ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಿಹಿ ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟು ಏಲಿಯನ ಹೆಸರಿನ ಹಾಡು ಹಾಡುತ್ತಾರೆ. ಮರದ ಹಣ್ಣಿಗೆ ಒಂದು ಆಶೀರ್ವಚನ, ನೆಲದ ಬೆಳೆಗೆ ಇನ್ನೊಂದು. ಬಾಳೆಯ ಹಣ್ಣಿಗೆ ಯಾವುದು? ಬಾಳೆ ಗಟ್ಟಿ ಮರವಲ್ಲ, ವರ್ಷ ವರ್ಷ ಕಂದು ಒಡೆಯುವಂಥದು. ಆದ್ದರಿಂದ ನೆಲದ ಬೆಳೆಯ ಆಶೀರ್ವಚನವೇ ಅದಕ್ಕೆ ಸಲ್ಲುತ್ತದೆ. ಕೈಗೆ ಬಂದ ಹಣ್ಣನ್ನು ಬಾಯಿಗಿಡುವ ಮೊದಲು ಅದು ಬೆಳೆದ ಬಗೆಯನ್ನು ಮಗು ನೆನೆಯಬೇಕಾಗುತ್ತದೆ. ಪ್ರಸಾದವನ್ನು ಅರಿತು ಸ್ವೀಕರಿಸಬೇಕೆನ್ನುವ ನಮಗೆ ಇದು ಹೊಸತೇನಲ್ಲ.

ಇನ್ನು ಈ ಪ್ರವಾಸದ ನಿಜವಾದ ತೂಕ ಇರುವುದು ಬೇರೆಡೆ. ಯೆಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಲೇಬೇಕು. ಒಂಬತ್ತು ಜನ ಎಷ್ಟೇ ಭಕ್ತರಾದರೂ ಸಾಲದು. 1948ರ ಅನಂತರ ಈ ಸಮಾಜದ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರು. ಕೊಂಕಣದ ಊರುಗಳಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಮನೆಗಳು. ಅಲಿಬಾಗಿನ ಮಾಗೆನ್ ಅಬೋಥ್ ಮಂದಿರ 1848ರಷ್ಟು ಹಳೆಯದು, 1910ರಲ್ಲಿ ಮರಳಿ ಕಟ್ಟಿದ್ದು. ರೇವದಂಡಾ, ಪನವೇಲ್ ಊರುಗಳಲ್ಲಿಯೂ ಮಂದಿರಗಳುಂಟು. ಇಂಥ ಊರುಗಳಲ್ಲಿ ಮುಂಬಯಿಯಿಂದ ಬಸ್ಸು ತುಂಬ ಬಂದಿಳಿಯುವ ಕುಟುಂಬಗಳೇ ಹತ್ತರ ಸಂಖ್ಯೆಯನ್ನು ತುಂಬಿಕೊಡುತ್ತವೆ. ಮಕ್ಕಳಿಗೆ ಅದು ಸಮುದ್ರದ ಮರಳು, ದೋಣಿ, ಎಳನೀರು. ಆ ಊರಿನಲ್ಲಿ ದೀಪ ಹಚ್ಚಲು ಉಳಿದ ಮುದುಕನಿಗೆ ಗ್ರಂಥವನ್ನು ಪೆಟ್ಟಿಗೆಯಿಂದ ಹೊರತೆಗೆದು ಓದಲು ಸಿಕ್ಕ ಅವಕಾಶ. ಬಂದವರು ಬರದಿದ್ದರೆ ಬೀಗ ತೆಗೆಯಬಹುದು, ಪ್ರಾರ್ಥನೆ ಪೂರ್ಣವಾಗದು. ನಮ್ಮ ಎಷ್ಟು ಹಳ್ಳಿಗಳ ಮಠಗಳಲ್ಲಿ ಜಾತ್ರೆಯ ದಿನ ಬಿಟ್ಟರೆ ಗಂಟೆಯ ಸದ್ದಿಲ್ಲವೆಂಬುದನ್ನು ಬಲ್ಲ ನಮಗೆ ಈ ಸಂಗತಿ ಮನಸ್ಸಿಗೆ ತಟ್ಟಿತು. ರಜೆಯಲ್ಲಿ ದೂರದ ಗಿರಿಧಾಮಕ್ಕೆ ಹೋಗುವ ಬಂಧುಗಳು ಒಂದು ದಿನವನ್ನು ಹುಟ್ಟೂರಿನ ಮಠಕ್ಕೆ ಕೊಡಲಿ, ಮಕ್ಕಳನ್ನೂ ಕರೆತರಲಿ; ಅಲ್ಲಿ ಯಾರೋ ಒಬ್ಬರು ದಾರಿ ಕಾಯುತ್ತಿರುತ್ತಾರೆ.

ಇಸ್ರೇಲಿಗೆ ಹೋದವರು ಖಂಡಾಳೆಯ ಬಂಡೆಯನ್ನು ಹೊತ್ತೊಯ್ಯಲಾರರಷ್ಟೆ. ಅವರು ಹೈಫಾ ನಗರದ ಕಾರ್ಮೆಲ್ ಬೆಟ್ಟದ ಬುಡದಲ್ಲಿರುವ ಏಲಿಯನ ಗುಹೆಗೆ ಹೋಗುತ್ತಾರೆ. ಭಾರತೀಯರ ಅಂಗಡಿಗಳಿಂದ ಅವಲಕ್ಕಿ ತಂದು ಅಲ್ಲಿಯೂ ಮಲೀದಾ ತಟ್ಟೆಯನ್ನು ಸಿದ್ಧಪಡಿಸುತ್ತಾರೆ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಕೆಲವರು ಈಗ ತಂದೆ ತಾಯಿಗಳೊಡನೆ ರಜೆಗೆ ಕೊಂಕಣಕ್ಕೆ ಬಂದು, ಅಜ್ಜನ ಊರಿನ ಮಂದಿರ ಯಾವ ಓಣಿಯಲ್ಲಿದೆ ಎಂದು ಕೇಳುತ್ತಾ ತಿರುಗುತ್ತಾರೆ.