ಗ್ರಾಮಠಾಣದ ಗಡಿಯೂ ಗೃಹದ ಹಕ್ಕೂ

ಹಿಂದಿನ ಮೋಜಣಿಯ ಕಾಲದಲ್ಲಿ ವಸತಿಗೆಂದು ಗುರುತಿಸಲ್ಪಟ್ಟ ಗ್ರಾಮಠಾಣವು ಅಂದಿನ ಜನಸಂಖ್ಯೆಗೆ ಸಾಲುತ್ತಿದ್ದಿತಾದರೂ, ಕುಟುಂಬಗಳು ಕವಲೊಡೆದು ಬೆಳೆದ ಇಂದು ಅದು ಇಕ್ಕಟ್ಟಾಗಿ, ಮನೆಯಿಲ್ಲದವನು ಗಡಿಯಾಚೆಯ ಹೊಲದಲ್ಲಿಯೋ ಸರ್ಕಾರಿ ಭೂಮಿಯಲ್ಲಿಯೋ ಗೋಡೆಯೆಬ್ಬಿಸುವುದು ನಮ್ಮ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಅನಿವಾರ್ಯವಾಗಿದೆ.

1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣವು ಕೃಷಿಭೂಮಿಯನ್ನು ಅನ್ಯೋದ್ದೇಶಕ್ಕೆ ಬಳಸುವ ಮುನ್ನ ಪರಿವರ್ತನೆಯ ಅನುಮತಿಯನ್ನು ವಿಧಿಸುತ್ತದೆ; ಫಲವತ್ತಾದ ನೆಲದ ರಕ್ಷಣೆಗೆ ಈ ನಿರ್ಬಂಧವು ಅವಶ್ಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೇಡವೆನ್ನುವ ಶಾಸನವು ಮನೆಯನ್ನು ಎಲ್ಲಿ ಕಟ್ಟಬಹುದೆಂಬುದನ್ನು ತೋರಿಸದೆ ಹೋದರೆ, ಅಕ್ರಮವು ಮೊದಲು ಹುಟ್ಟಿ ಸಕ್ರಮವು ಆಮೇಲೆ ಬರುವುದೇ ಪದ್ಧತಿಯಾಗುತ್ತದೆ. ಸರ್ಕಾರಿ ಭೂಮಿಯಲ್ಲಿ ಕಟ್ಟಿಕೊಂಡ ಮನೆಗಳಿಗಾಗಿ 94-ಸಿ ಪ್ರಕರಣವನ್ನು ತರುವಾಯ ಸೇರಿಸಬೇಕಾಗಿ ಬಂದುದೇ ಇದಕ್ಕೆ ನಿದರ್ಶನ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಹೆಸರಿನಲ್ಲಿ ಗ್ರಾಮವಿದ್ದರೂ, ಅದರನ್ವಯ ಸಿದ್ಧವಾದ ಮಹಾಯೋಜನೆಗಳು ಬಹುಮಟ್ಟಿಗೆ ಪಟ್ಟಣಗಳನ್ನೂ ಅವುಗಳ ಅಂಚನ್ನೂ ದಾಟಿಲ್ಲ.

ಸಂವಿಧಾನದ 11ನೆಯ ಅನುಸೂಚಿಯು ಗ್ರಾಮೀಣ ವಸತಿಯನ್ನು ಪಂಚಾಯತಿಗಳ 29 ವಿಷಯಗಳಲ್ಲಿ ಒಂದಾಗಿ ಎಣಿಸಿದೆ. ಆದಕಾರಣ, ಕೆರೆಯ ಅಚ್ಚುಕಟ್ಟನ್ನೂ ಗೋಮಾಳವನ್ನೂ ಹಳ್ಳಕೊಳ್ಳಗಳನ್ನೂ ಉಳಿಸಿಕೊಂಡು, ಮುಂದಿನ ಪೀಳಿಗೆಯ ಮನೆಗಳಿಗೆ ಬರಡು ನೆಲವನ್ನು ಕಾದಿರಿಸುವ ಭೂಬಳಕೆಯ ನಕ್ಷೆಯೊಂದನ್ನು ಪ್ರತಿಯೊಂದು ಗ್ರಾಮಸಭೆಯೂ ಚರ್ಚಿಸಿ ಅಂಗೀಕರಿಸಲಿ. ಸರ್ಕಾರವು ಆ ನಕ್ಷೆಗೆ ಶಾಸನಬಲವನ್ನು ನೀಡಲಿ.