ಪಾಯಿಂಟು ಯಾರ ಗಂಟು?

2024ರ ನವೆಂಬರ್ 12ರಂದು ವಿಸ್ತಾರಾ ವಿಮಾನಯಾನ ಸಂಸ್ಥೆ ಏರ್ ಇಂಡಿಯಾದಲ್ಲಿ ಲೀನವಾಯಿತು. ಹಾರಿದಷ್ಟೂ ಪಾಯಿಂಟು ಕೊಡುವ ಅದರ ಕ್ಲಬ್ ವಿಸ್ತಾರಾ ಯೋಜನೆಯ ಸದಸ್ಯರ ಪಾಯಿಂಟುಗಳು ಒಂದಕ್ಕೊಂದರಂತೆ ಏರ್ ಇಂಡಿಯಾದ ಅಂಥದೇ ಯೋಜನೆಯಾದ ಮಹಾರಾಜ ಕ್ಲಬ್‌ಗೆ ಸೇರಿದವು. ಲೆಕ್ಕವೇನೋ ಸರಿಹೋಯಿತು. ಆದರೆ ಪಾಯಿಂಟಿನ ಬೆಲೆ ತಿಳಿಯುವುದು ಸೀಟು ಕಾಯ್ದಿರಿಸುವಾಗ. ಬೆಂಗಳೂರು–ದೆಹಲಿ ಟಿಕೆಟ್‌ಗೆ ಎಷ್ಟು ಪಾಯಿಂಟು ಎಂಬುದನ್ನು ಗೊತ್ತುಮಾಡುವುದು ಕಂಪನಿಯೇ. ಪೈಪೋಟಿ ಕಡಿಮೆಯಾದಷ್ಟೂ ಅದರ ಕೈ ಮೇಲು. ಇನ್ನು ಸಂಸ್ಥೆಯೇ ಮುಳುಗಿದರೆ? 2012ರಲ್ಲಿ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆ ನೆಲಕಚ್ಚಿದಾಗ ಅದರ ಕಿಂಗ್ ಕ್ಲಬ್ ಯೋಜನೆಯ ಮೈಲುಗಳು, ಅಂದರೆ ಅಲ್ಲಿನ ಪಾಯಿಂಟುಗಳು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದವು.

ವಿಲೀನಕ್ಕೆ ಒಪ್ಪಿಗೆ ಕೊಡುವಾಗಲೇ ಪ್ರಯಾಣಿಕರ ಪಾಯಿಂಟುಗಳ ರಕ್ಷಣೆಗೂ ಷರತ್ತು ವಿಧಿಸಬೇಕು. ನಿಯಮ ಬದಲಿಸುವ ಮುನ್ನ ಆರು ತಿಂಗಳ ಸೂಚನೆ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಪಾಯಿಂಟನ್ನು ಬ್ಯಾಂಕ್ ಠೇವಣಿಯೆಂದು ನಂಬಿ ಕೂಡಿಡದೆ, ಅವಕಾಶ ಸಿಕ್ಕಾಗ ಬಳಸಿಬಿಡುವುದೇ ಜಾಣತನ.